ದಾಳದಾಟದಲ್ಲಿ ದುಡ್ಡು ಎಲ್ಲಿ ಸೋರುತ್ತೆ: ಮೆಕ್ಕೆಜೋಳ ಇಟ್ಟು ತೋರಿಸಿದ ನನ್ನ ಅನುಭವ

ಮಿಲ್ಟ್ರಿಲಿ ಇದ್ದಾಗ ದಸರಾ ದೀಪಾವಳಿ ಟೈಮಲ್ಲಿ, ಡ್ಯೂಟಿ ಮುಗಿದ ಮೇಲೆ ನೇಪಾಳಿ ಹುಡುಗರು ಝಂಡಿ ಮುಂಡಾ, ಅಂದ್ರೆ ಒಂದು ಗುರುತಿನ ಮೇಲೆ ದುಡ್ಡಿಟ್ಟು ದಾಳ ಎಸೆಯೋ ಆಟ, ಆಡೋದನ್ನ ಹತ್ರ ಕೂತು ನೋಡಿದೀನಿ. ಆರು ದಾಳ, ಒಂದೊಂದರ ಮೇಲೂ ಬಾವುಟ, ಮನುಷ್ಯನ ತಲೆ, ಆಮೇಲೆ ಇಸ್ಪೀಟಿನ ನಾಲ್ಕು ಗುರುತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳು ಆಡ್ತಿದ್ದ ಕ್ರೌನ್ ಅಂಡ್ ಆ್ಯಂಕರ್ ಕೂಡ ಇದೇ ಜಾತಿದು, ಅಲ್ಲಿ ಮೂರೇ ದಾಳ, ಬಾವುಟ ತಲೆ ಬದಲು ಕಿರೀಟ ಮತ್ತೆ ಲಂಗರು. ಅವರ ಸೈನ್ಯದಲ್ಲಿ ದುಡ್ಡಿಟ್ಟು ಆಡೋಕೆ ಪರ್ಮಿಷನ್ ಇದ್ದದ್ದು ಹೌಸಿಗೆ ಮಾತ್ರ, ಅಂದ್ರೆ ನಮ್ಮ ತಂಬೋಲಾ. ದಾಳದಾಟ ಕದ್ದುಮುಚ್ಚಿ ಆಡ್ಬೇಕಿತ್ತು, ಆದ್ರೂ ನಿಲ್ಲಲಿಲ್ಲ.

ಈಗ ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಸೇನಾ ಭರ್ತಿಗೆ ರೆಡಿಯಾಗೋ ಹುಡುಗರಿಗೆ 1.6 ಕಿ.ಮೀ. ಓಟ ಹೇಳ್ಕೊಡ್ತೀನಿ. ಅವರಲ್ಲೊಬ್ಬ ಕೇಳಿದ, "ಅಣ್ಣ, ಮೂರು ದಾಳ, ಆರು ಗುರುತು, ಅರ್ಧಕ್ಕರ್ಧ ಚಾನ್ಸ್ ಐತಲ್ಲ, ಮೂರೂ ಬಿದ್ರೆ ಮೂರು ಪಟ್ಟು ಬೇರೆ, ಲಾಸ್ ಹೆಂಗಾಗುತ್ತೆ?" ಬಾಯಲ್ಲಿ ಬುದ್ಧಿ ಹೇಳಿದ್ರೆ ಆ ವಯಸ್ಸಲ್ಲಿ ಯಾರೂ ಕೇಳಲ್ಲ, ಅದಕ್ಕೆ ಬಡಗಿ ಹತ್ರ ಮರದ ದಾಳ ಮಾಡಿಸಿ, ಮಾರ್ಕರಲ್ಲಿ ಗುರುತು ಬರೆದು, ಗೋಣಿಚೀಲದ ಮೇಲೆ ಸೀಮೆಸುಣ್ಣದಲ್ಲಿ ಆರು ಮನೆ ಹಾಕಿ, ದುಡ್ಡಿನ ಬದಲು ಮೆಕ್ಕೆಜೋಳ ಹಂಚಿದೆ, ನಮ್ಮ ಕಡೆ ಅದಕ್ಕೇನು ಬರ ಇಲ್ವಲ್ಲ. ಆಟ ನಡೆಸೋನು ನಾನೇ.

ಒಬ್ಬೊಬ್ಬನಿಗೇ ಆಡಿಸಿದ್ರೆ ಸೋರೋದು ಕಾಣಲ್ಲ, ಆರು ಜನ ಆರು ಮನೇಲೂ ಒಂದೊಂದು ಕಾಳು ಇಡ್ಬೇಕು. ಇಟ್ಟ ಗುರುತು ಎಷ್ಟು ದಾಳದಲ್ಲಿ ಬೀಳುತ್ತೋ ಅಷ್ಟು ಕಾಳು ಗೆಲುವು, ಇಟ್ಟಿದ್ದೂ ವಾಪಸ್; ಬೀಳದಿದ್ರೆ ಇಟ್ಟ ಕಾಳು ಹೋಯ್ತು. ಮೂರು ದಾಳದಲ್ಲಿ ಮೂರು ಬೇರೆ ಬೇರೆ ಗುರುತು ಬಿತ್ತು ಅನ್ಕೊಳ್ಳಿ, ಸೋತ ಮೂರು ಕಾಳು ಗೆದ್ದ ಮೂರು ಜನಕ್ಕೆ ಹೋಯ್ತು, ನನ್ನ ಕೈ ಖಾಲಿ. ಜೋಡಿ ಬಿದ್ರೆ ಸೋತಿದ್ದು ನಾಲ್ಕು, ಜೋಡಿಯವನಿಗೆ ಎರಡು, ಇನ್ನೊಬ್ಬನಿಗೆ ಒಂದು ಕೊಟ್ಟು ಒಂದು ನಂಗೆ ಉಳೀತು. ಮೂರೂ ಒಂದೇ ಆದ್ರೆ ಸೋತಿದ್ದು ಐದು, ಕೊಡೋದು ಮೂರು, ಎರಡು ನಂದು. ಜೋಡಿ ಬಿದ್ದಾಗ್ಲೇ ಹುಡುಗರು ಎದ್ದು ಕೂಗೋದು, ನಾನು ಕಾಳು ಎತ್ಕೊಳ್ಳೋದೂ ಆಗ್ಲೇ, ಅದನ್ನ ಅವರೇ ಕಂಡುಹಿಡಿಯೋ ತನಕ ನಾನು ಬಾಯಿ ಬಿಡಲಿಲ್ಲ.

ಆಮೇಲೆ ನೋಟ್‌ಬುಕ್ಕಲ್ಲಿ ಲೆಕ್ಕ. ಮೂರು ದಾಳ ಬೀಳೋ ರೀತಿ 216, ಅದ್ರಲ್ಲಿ 120 ಬೇರೆ ಬೇರೆ, 90 ಜೋಡಿ, 6 ಮೂರೂ ಒಂದೇ. 216 ಸಲಕ್ಕೆ ಇಟ್ಟ ಕಾಳು 1296, ನಡೆಸೋನಿಗೆ 102, ನೂರಕ್ಕೆ ಹತ್ರ ಹತ್ರ 8. ಅರ್ಧಕ್ಕರ್ಧ ಅನ್ನೋದೂ ಸುಳ್ಳು, ನಿಮ್ಮ ಗುರುತು ಒಂದಾದ್ರೂ ಬೀಳೋದು 91 ರೀತಿಲಿ ಮಾತ್ರ, 125ರಲ್ಲಿ ಬರೋದೇ ಇಲ್ಲ. ಸೋತಾಗೆಲ್ಲ ಡಬಲ್ ಇಟ್ಟ ಹುಡುಗನ ಕಾಳು ಎಲ್ರಿಗಿಂತ ಮೊದಲು ಖಾಲಿ ಆಯ್ತು, ಡಬಲ್ ಇಟ್ರೂ ಆ 8 ಏನೂ ಕಮ್ಮಿ ಆಗಲ್ಲ.

ನೀವೂ ಮಾಡಿಸೋದಾದ್ರೆ ಕಾಲು ಗಂಟೆಗೆ ನಿಲ್ಲಿಸ್ಬೇಡಿ, ಅಷ್ಟರಲ್ಲಿ ಯಾರೋ ಒಬ್ಬ ಲಕ್ಕಲ್ಲಿ ಗೆದ್ದು ಕೂತಿರ್ತಾನೆ, ಎಲ್ರೂ ಅವನ್ನೇ ನೋಡ್ತಾರೆ. ಝಂಡಿ ಮುಂಡಾ ಇನ್ನೂ ಜೋರು: ನಮ್ಮ ಬ್ಯಾರಕ್ಕಲ್ಲಿ ಗುರುತು ಒಂದೇ ಬಿದ್ರೆ ದುಡ್ಡು ಹೋಯ್ತು, ಎರಡೋ ಅದಕ್ಕಿಂತ ಹೆಚ್ಚೋ ಬಿದ್ರಷ್ಟೇ ಗೆಲುವು. ಆರು ದಾಳದ 46656 ರೀತಿಲಿ 34375ರಲ್ಲಿ ಸೋಲೇ, ಅಂದ್ರೆ ನಾಲ್ಕಕ್ಕೆ ಹೆಚ್ಚೂಕಮ್ಮಿ ಮೂರು ಸಲ.