ದಕ್ಕೆ ಬಿಟ್ಟು ಹೊಳೆ ಹತ್ತಿದೆ: ಬೋಟು ಕಟ್ಟುವ ಜಾಗ ಹುಡುಕಿದ ನನ್ನ ಅನುಭವ

ನನ್ನ ಮೂವತ್ತು ಅಡಿಯ ಫೈಬರ್ ಬೋಟು ಈಗ ಮಂಗಳೂರಿನ ಫಲ್ಗುಣಿ ಹೊಳೆಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನಿಂದ ಆರೇಳು ಕಿಲೋಮೀಟರ್ ಮೇಲೆ, ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಹಳೆಯ ಕಟ್ಟೆಯ ಪಕ್ಕ ನಿಲ್ಲುತ್ತದೆ. ಅಲ್ಲಿ ಮೂರು ಮಳೆಗಾಲ ಕಳೆದಿದೆ. ಒಂದು ಹಗ್ಗ ಕಡಿದಿಲ್ಲ, ಬದಿಗೆ ಹೇಳಿಕೊಳ್ಳುವಂಥ ಗೀರು ಬಿದ್ದಿಲ್ಲ. "ಸಮುದ್ರದ ಬೋಟನ್ನು ಹೊಳೆ ಹತ್ತಿಸುತ್ತೀರಾ ಅಣ್ಣ? ಡೀಸೆಲ್ಲಿಗೇ ಬೋಟು ಮಾರಬೇಕಾದೀತು" ಎಂದಿದ್ದ ಇಬ್ಬರು ಈ ವರ್ಷ ಅಲ್ಲೇ ಜಾಗ ಕೇಳಿಕೊಂಡು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆ ದಕ್ಕೆಯಲ್ಲೇ, ಅಂದರೆ ಮೀನುಗಾರಿಕಾ ಬಂದರಿನಲ್ಲೇ, ಕಟ್ಟುತ್ತಿದ್ದೆ. ಅಳಿವೆ ಹತ್ತಿರ, ಐಸ್ ಹತ್ತಿರ, ಹರಾಜು ಹತ್ತಿರ. ಆದರೆ ಸಾಲಿನ ಮೇಲೆ ಸಾಲು ಬೋಟು ನಿಲ್ಲುವ ಕಡೆ ಚಿಕ್ಕ ಬೋಟಿನ ಪಾಡು ಏನೆಂದು ಕಟ್ಟಿದವರಿಗೆ ಗೊತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಹೊರಗೆ ಹಾದುಹೋದ ರಾತ್ರಿ, ಎರಡು ದೊಡ್ಡ ಟ್ರಾಲ್‌ಬೋಟುಗಳ ನಡುವೆ ನನ್ನದು ಸಿಕ್ಕಿಕೊಂಡಿತು. ಬೆಳಿಗ್ಗೆ ನೋಡಿದರೆ ಎಡಬದಿಯ ಅಂಚು ನಾಲ್ಕಡಿ ಉದ್ದಕ್ಕೆ ಸೀಳಿತ್ತು. ಫೈಬರ್ ಹಾಕಿಸಲು ಐವತ್ತೈದು ಸಾವಿರದ ಹತ್ತಿರ ಹೋಯಿತು. ಅದಕ್ಕೂ ಮೊದಲು ವರ್ಷಕ್ಕೆ ಇಪ್ಪತ್ತು ಸಾವಿರದ ಚಿಲ್ಲರೆ ರಿಪೇರಿ ಇದ್ದೇ ಇತ್ತು. ರಾತ್ರಿ ಕಾಯುವವನಿಗೆ ತಿಂಗಳಿಗೆ ನನ್ನ ಪಾಲು ಎರಡು ಸಾವಿರ. ಆದರೂ ಒಮ್ಮೆ ಬ್ಯಾಟರಿ ಕಳುವಾಯಿತು.

ಮೊದಲ ಪ್ರಯತ್ನ ಹೊಳೆಗೂ ಸಮುದ್ರಕ್ಕೂ ನಡುವಿನ ಮರಳುದಿಬ್ಬವಾದ ಬೆಂಗ್ರೆಯ ಬದಿಯಲ್ಲಿ. ತೆಂಗಿನ ತೋಟದ ಮುಂದೆ ಸ್ವಚ್ಛ ನೀರು, ತಿಂಗಳಿಗೆ ಎರಡೂವರೆ ಸಾವಿರ ಬಾಡಿಗೆ. ನಾನು ನೋಡಲು ಹೋದದ್ದು ಉಬ್ಬರದ ಹೊತ್ತಿನಲ್ಲಿ. ಆರಡಿ ನೀರಿತ್ತು, ಅಷ್ಟಕ್ಕೇ ಒಪ್ಪಿಬಿಟ್ಟೆ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೂ ಇಳಿತಕ್ಕೂ ಐದಡಿಯ ಹತ್ತಿರ ವ್ಯತ್ಯಾಸವಿರುತ್ತದೆ. ನನ್ನ ಬೋಟಿಗೆ ಎರಡೂವರೆ ಅಡಿ ನೀರು ಬೇಕೇ ಬೇಕು. ಮೊದಲ ಅಮಾವಾಸ್ಯೆಗೇ ಬೋಟು ಕೆಸರಿನಲ್ಲಿ ಕುಳಿತು ವಾಲಿತು. ಅವಸರದಲ್ಲಿ ಎಂಜಿನ್ ಚಾಲೂ ಮಾಡಿದ್ದು ಎರಡನೆಯ ತಪ್ಪು. ಎಂಜಿನ್ ತಂಪು ಮಾಡುವ ನೀರಿನ ಕೊಳವೆ ಕೆಸರು ಎಳೆದುಕೊಂಡು ಪಂಪು ಹೋಯಿತು. ಒಂಬತ್ತು ಸಾವಿರ.

ಎರಡನೆಯದು ನೇತ್ರಾವತಿಯ ಕಡೆ, ಹೊಳೆ ತಿರುಗುವಲ್ಲಿ ಹೊರಬದಿ. ಇಳಿತದಲ್ಲೂ ಹನ್ನೆರಡು ಅಡಿ ಆಳ ಕಂಡು ಗೆದ್ದೆನೆಂದುಕೊಂಡೆ. ಆಳವಿರುವುದು ಸೆಳೆತ ಅಲ್ಲಿ ದಡವನ್ನು ಕೊರೆಯುವುದರಿಂದ ಎನ್ನುವುದು ಜುಲೈಯಲ್ಲಿ ಅರ್ಥವಾಯಿತು. ಘಟ್ಟದ ಮೇಲೆ ಮೂರು ದಿನ ಬಿಡದೆ ಮಳೆ ಸುರಿದ ಮೇಲೆ ಬೇರು ಸಮೇತ ಬಂದ ಮರವೊಂದು ಹಿಂಭಾಗಕ್ಕೆ ಬಡಿಯಿತು. ಚುಕ್ಕಾಣಿ ಮುರಿಯಿತು, ಶಾಫ್ಟ್ ಬಾಗಿತು. ನಲವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಮನೆಯಲ್ಲಿ ಆ ತಿಂಗಳು ಯಾರೂ ನನ್ನ ಜೊತೆ ಬೋಟಿನ ಮಾತೆತ್ತಲಿಲ್ಲ.

ಹಂಚಿನ ಕಾರ್ಖಾನೆಯ ಕಟ್ಟೆ ಹೊಳೆದದ್ದು ಬೋಟು ನಡೆಸುತ್ತಿದ್ದ ಒಬ್ಬ ಹಳೆಯ ತಾಂಡೇಲರ ಮಾತಿನಿಂದ. ಬಾಸೆಲ್ ಮಿಷನ್‌ನವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಎರಡೂ ಹೊಳೆಗಳ ಬದಿಯಲ್ಲಿ ಅಂಥ ಕಾರ್ಖಾನೆಗಳು ಎದ್ದವು. ಜೇಡಿಮಣ್ಣು ದೋಣಿಯಲ್ಲೇ ಬರುತ್ತಿತ್ತು. "ಮಣ್ಣು ತುಂಬಿದ ದೋಣಿ ಇಳಿತಕ್ಕೆ ಕಾಯುತ್ತಾ ಕೂರಲು ಆಗುತ್ತಿತ್ತೇ? ನೀರು ನಿಲ್ಲುವ ಕಡೆಯೇ ಅವರು ಕಟ್ಟೆ ಕಟ್ಟಿದ್ದು" ಎಂದರು. ಹೋಗಿ ನೋಡಿದೆ. ಕೆಂಪು ಮುರಕಲ್ಲಿನ ಮೆಟ್ಟಿಲು ಇನ್ನೂ ಗಟ್ಟಿ. ಮೇಲ್ಭಾಗದಲ್ಲಿ ಒಂದು ಕುದುರು, ಅಂದರೆ ಹೊಳೆಯ ನಡುವಿನ ದ್ವೀಪ, ಅದರ ತುದಿಯಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ತೇಲಿ ಬರುವ ಮರಮಟ್ಟು ಕುದುರಿಗೆ ಬಡಿದು ಆಚೆಯ ಕವಲಿಗೆ ತಿರುಗುತ್ತದೆ.

ಈ ಸಲ ಅವಸರ ಮಾಡಲಿಲ್ಲ. ಬಿದಿರಿಗೆ ಅರ್ಧರ್ಧ ಅಡಿಗೆ ಕೆಂಪು ಬಣ್ಣ ಬಳಿದು, ಮೂರು ಅಮಾವಾಸ್ಯೆಗಳ ಇಳಿತಕ್ಕೆ ನಿಂತು ಅಳೆದೆ. ಕಟ್ಟೆಯಿಂದ ಎಂಟಡಿ ಆಚೆ ನಾಲ್ಕಡಿಗಿಂತ ಕಡಿಮೆಯಾಗಲಿಲ್ಲ. ಬಿದಿರಿನ ತುದಿಗೆ ಹತ್ತಿದ ಮಣ್ಣನ್ನೂ ಬೆರಳಲ್ಲಿ ಉಜ್ಜಿ ನೋಡಬೇಕು. ಮರಳು ತರಿತರಿಯಾಗಿದ್ದರೆ ನೀರು ಓಡಾಡುತ್ತಿದೆ. ಬೆಣ್ಣೆಯಂತೆ ಕಪ್ಪು ಕೆಸರು ಬಂದರೆ ಆ ಜಾಗದಲ್ಲಿ ಹೂಳು ತುಂಬುತ್ತಿದೆ. ಆಮೇಲೆ ಮಳೆಗಾಲದ ನೆರೆಯಲ್ಲಿ ಒಣ ತೆಂಗಿನ ಸಿಪ್ಪೆಗಳನ್ನು ಒಂದೊಂದಾಗಿ ಎಸೆದೆ. ನೇರ ಓಡಿದರೆ ಸೆಳೆತ ಹೆಚ್ಚು. ಅಲ್ಲೇ ಸುತ್ತಿದರೆ ಕಸವೆಲ್ಲ ಬೋಟಿನಡಿ ಸೇರುತ್ತದೆ. ನನ್ನ ಸಿಪ್ಪೆಗಳು ನಡೆಯುವ ಮನುಷ್ಯನ ವೇಗದಲ್ಲಿ ಸಾಗಿ, ಕಟ್ಟೆ ದಾಟಿದ ಮೇಲೆ ಮೆಲ್ಲಗೆ ನಡುಹೊಳೆಗೆ ಜಾರಿದವು. ಆ ದಿನವೇ ಕಟ್ಟೆಯ ಪಕ್ಕದ ತೋಟದವರಿಗೆ ಮುಂಗಡ ಕೊಟ್ಟೆ. ಬಾಡಿಗೆ ಸಾವಿರದ ಐನೂರು, ಬೋಟಿನ ಮೇಲೆ ಅವರ ಮನೆಯವರ ಕಣ್ಣೂ ಸೇರಿ.

ಕಟ್ಟುವುದರಲ್ಲಿ ಸ್ವಲ್ಪ ಕೆಲಸ ಹಿಡಿಯಿತು. ಮೊದಲು ತೆಂಗಿನ ಕಾಂಡ ನೆಟ್ಟೆ. ಉಪ್ಪುನೀರಿನ ಹುಳ ಒಂದೇ ವರ್ಷದಲ್ಲಿ ತಿಂದುಹಾಕಿತು. ಈಗ ಕಾಂಕ್ರೀಟ್ ತುಂಬಿದ ಎರಡು ಜಿಐ ಪೈಪು, ಪ್ರತಿಯೊಂದಕ್ಕೂ ಸಡಿಲ ಕಬ್ಬಿಣದ ಬಳೆ. ಹಗ್ಗ ಬಳೆಗೆ, ಬಳೆ ನೀರಿನ ಜೊತೆ ಏರಿಳಿಯುತ್ತದೆ. ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಓರೆಯಾಗಿ ಎರಡು ಉದ್ದ ನೈಲಾನ್ ಹಗ್ಗ. ಹಿಂಭಾಗದ ಹಗ್ಗಕ್ಕೆ ಭಾರ ಕಟ್ಟುವ ಒಂದು ಕ್ರಮವಿದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ. ಅದು ನನ್ನಲ್ಲೇ ಇರಲಿ. ಕಟ್ಟೆ ಎಲ್ಲಿದೆ ಎಂಬ ಗುರುತನ್ನೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಡೀಸೆಲ್ ಲೆಕ್ಕ ಎಲ್ಲರೂ ಕೇಳುತ್ತಾರೆ. ಹೋಗಿ ಬರಲು ದಕ್ಕೆಗಿಂತ ಐವತ್ತು ನಿಮಿಷ ಹೆಚ್ಚು, ನಾಲ್ಕೈದು ಲೀಟರ್. ಗಾಳ ಹಾಕಲು ತಿಂಗಳಿಗೆ ಹನ್ನೆರಡು ಸಲ ಹೋಗುವ ನನಗೆ ಅದು ನಾಲ್ಕೂವರೆ, ಐದು ಸಾವಿರ ಆಗಬೇಕಿತ್ತು. ಆದರೆ ಇಳಿತದ ಜೊತೆ ಹೊರಟು ಉಬ್ಬರದ ಜೊತೆ ಮರಳಿದರೆ ಮೂರೂವರೆಯಲ್ಲಿ ಮುಗಿಯುತ್ತದೆ. ದಿನವೂ ಹೋಗುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ, ಅವರಿಗೆ ದಕ್ಕೆಯೇ ಸರಿ.

ಎಣಿಸದೇ ಸಿಕ್ಕ ಲಾಭ ತಳದ್ದು. ಜೂನ್, ಜುಲೈಯ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟು ಮೇಲೆಳೆಸಲು, ಇಳಿಸಲು, ತಳ ಕೆರೆಸಲು ಹದಿನೆಂಟು ಸಾವಿರ ಹೋಗುತ್ತಿತ್ತು. ಜೂನ್ ಕೊನೆಗೆ ಇಲ್ಲಿ ಹೊಳೆ ಪೂರ್ತಿ ಸಿಹಿನೀರು. ತಳಕ್ಕೆ ಅಂಟಿದ ಚಿಪ್ಪಿನ ಜೀವಿಗಳು ಸತ್ತು ಸಡಿಲವಾಗುತ್ತವೆ. ಇಳಿತದಲ್ಲಿ ಸೊಂಟದ ನೀರಿಗೆ ಬೋಟನ್ನು ಎಳೆದು, ಮರದ ಹಲಗೆಯಲ್ಲಿ ನಾನೂ ಮಗನೂ ಎರಡು ದಿನ ಕೆರೆದರೆ ಸಾಕು. ಮೇಲೆಳೆಸುವುದನ್ನು ಮೂರು ವರ್ಷಕ್ಕೊಮ್ಮೆ ಇಟ್ಟುಕೊಂಡಿದ್ದೇನೆ. ಮರದ ದೋಣಿಗೆ ಬಳಿಯುವಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೂ ನೋಡಿದೆ. ಫೈಬರ್ ಮೇಲೆ ಅದು ನಿಲ್ಲಲಿಲ್ಲ, ತಿಂಗಳಲ್ಲಿ ಹಾಳೆ ಹಾಳೆಯಾಗಿ ಎದ್ದಿತು. ಬದಿಗೆ ತೂಗುಬಿಡುವ ಟಯರಿಗೆ ಹಳೆಯ ಬಲೆ ಸುತ್ತಿದ್ದು ಮಾತ್ರ ಚೆನ್ನಾಗಿ ಒದಗಿತು, ಬೋಟಿನ ಬದಿಗೆ ಟಯರಿನ ಕಪ್ಪು ಕಲೆ ಹತ್ತುವುದು ತಪ್ಪಿದೆ.

ಜಾಗ ಕೇಳಿಕೊಂಡು ಬಂದವರಲ್ಲಿ ಒಬ್ಬರ ಬೋಟಿಗೆ ಮೂರೂವರೆ ಅಡಿ ನೀರು ಬೇಕು. ಕಳೆದ ಅಮಾವಾಸ್ಯೆಗೆ ಇಬ್ಬರೂ ನಿಂತು ಅಳೆದೆವು. ಅವರು ಮೆಚ್ಚಿದ ಜಾಗದಲ್ಲಿ ಸಿಕ್ಕಿದ್ದು ಮೂರು ಅಡಿ ಮಾತ್ರ. ಇನ್ನು ಮೂವತ್ತು ಹೆಜ್ಜೆ ಕೆಳಗೆ ಬಿದಿರು ಊರಿ ನೋಡಬೇಕು.