ಕಡಲು ಬಲಗಡೆಗಿರಲಿ: ಸ್ಪ್ಲಿಟ್‌ನಿಂದ ಸರಾಂದಾವರೆಗೆ ಕಾರಿನಲ್ಲಿ

ಬಾಲ್ಕನ್ ಕರಾವಳಿಗೆ ಹೋಗೋಣ ಅಂತ ಕೂತಾಗ ನಾನು ಮೊದಲು ತೀರ್ಮಾನಿಸಿದ್ದು ದಿಕ್ಕನ್ನು. ಊರು, ಹೋಟೆಲ್ ಎಲ್ಲ ಆಮೇಲೆ. ಕ್ರೊಯೇಷಿಯಾ, ಮಾಂಟೆನೆಗ್ರೋ, ಅಲ್ಬೇನಿಯಾ ಮೂರರಲ್ಲೂ ಗಾಡಿ ಓಡಿಸುವುದು ರಸ್ತೆಯ ಬಲಕ್ಕೆ. ಕಡಲಿರುವುದು ಪಶ್ಚಿಮಕ್ಕೆ. ಉತ್ತರದಿಂದ ದಕ್ಷಿಣಕ್ಕೆ ಇಳಿದರೆ ದಾರಿಯುದ್ದಕ್ಕೂ ನೀರು ನಮ್ಮ ಪಕ್ಕದಲ್ಲೇ ಇರುತ್ತದೆ. ಚೆಂದದ ಜಾಗ ಕಂಡ ಕೂಡಲೇ ಎದುರಿನ ವಾಹನಗಳನ್ನು ದಾಟದೆ ಸರಕ್ಕನೆ ಪಕ್ಕಕ್ಕೆ ನಿಲ್ಲಿಸಬಹುದು. ಎಡಗಡೆ ಓಡಿಸಿ ರೂಢಿಯಾದ ನಮಗೆ ಇದು ಸಣ್ಣ ಅನುಕೂಲವಲ್ಲ.

ಹಾಗಾಗಿ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಕರಾವಳಿ ಹಿಡಿದು ಅಲ್ಬೇನಿಯಾದ ಸರಾಂದಾವರೆಗೆ ಇಳಿಯುವುದು, ಬೋಸ್ನಿಯಾ ಹಾಯ್ದು ಒಳನಾಡಿನ ದಾರಿಯಲ್ಲಿ ವಾಪಸ್ ಬರುವುದು ಅಂತ ಮಾಡಿದೆ. ಹೀಗೆ ಸುತ್ತಿ ಬಂದರೆ ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಡುವ ದುಬಾರಿ ಶುಲ್ಕವೂ ಉಳಿಯುತ್ತದೆ.

ಕಾಗದಪತ್ರದ ಕೆಲಸ ಬೆಂಗಳೂರಿನಲ್ಲೇ ಮುಗಿಸಿದೆ. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿದೆ, ಅಂದಿನಿಂದಲೇ ಅಲ್ಲಿ ಯೂರೋ ಕೂಡ. ಉಳಿದ ದೇಶಗಳು ಷೆಂಗೆನ್ ಹೊರಗಿವೆ. ಅಂದರೆ ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ವೀಸಾ ಮಲ್ಟಿಪಲ್ ಎಂಟ್ರಿ ಆಗಿರಲೇಬೇಕು. ಅದೇ ವೀಸಾದ ಮೇಲೆ ಮಾಂಟೆನೆಗ್ರೋ, ಅಲ್ಬೇನಿಯಾ, ಬೋಸ್ನಿಯಾ ನಮ್ಮನ್ನು ಸ್ವಲ್ಪ ದಿನಕ್ಕೆ ಒಳಗೆ ಬಿಡುತ್ತವೆ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಆಯಾ ದೇಶದ ಸರ್ಕಾರಿ ತಾಣ ನೋಡಿಕೊಳ್ಳಿ.

ಕಾರಿನ ಬಗ್ಗೆ ಒಂದೇ ಮಾತು: ಯಾವ ಯಾವ ದೇಶಕ್ಕೆ ಒಯ್ಯುತ್ತೀರಿ ಅಂತ ಒಂದೊಂದರ ಹೆಸರು ಬರೆದು, ಬುಕ್ ಮಾಡುವ ಮೊದಲೇ ಇಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಮಾಂಟೆನೆಗ್ರೋಗೆ ಬಿಡುವ ಕೆಲವರು ಅಲ್ಬೇನಿಯಾಗೆ ಬಿಡುವುದಿಲ್ಲ. ಗಡಿಯಲ್ಲಿ ಕೇಳುವುದು ಕಾರಿನ ನೋಂದಣಿ ಪತ್ರ ಮತ್ತು ಗ್ರೀನ್ ಕಾರ್ಡ್ ಅನ್ನುವ ವಿಮೆ ಪತ್ರ. ಆ ಕಾರ್ಡಿನಲ್ಲಿ ದೇಶಗಳ ಸಂಕೇತಾಕ್ಷರಗಳಿರುತ್ತವೆ. ನಾವು ಹೋಗುವ ದೇಶದ ಅಕ್ಷರ ಹೊಡೆದುಹಾಕಿದ್ದರೆ ಅಲ್ಲಿ ವಿಮೆ ಇಲ್ಲ ಅಂತ ಅರ್ಥ. ಕೌಂಟರ್‌ನಲ್ಲಿ ನಿಂತೇ ಅದನ್ನು ನೋಡಿಕೊಂಡೆ.

ಇನ್ನು ದಾರಿ. ಗೂಗಲ್ ಮ್ಯಾಪ್ ಬೇಗ ತಲುಪುವ ದಾರಿ ಕೊಡುತ್ತದೆ, ನಮಗೆ ಬೇಕಿರುವುದು ಅದಲ್ಲ. ಮೂರು ಜಾಗಗಳಲ್ಲಿ ನಾನು ಅದರ ಮಾತು ಕೇಳಲಿಲ್ಲ. ಮೊದಲನೆಯದು ಕ್ರೊಯೇಷಿಯಾದಲ್ಲೇ. ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ಗೆ ಅಂತ ಹಾಕಿದರೆ ಬೆಟ್ಟದ ಹಿಂದಿನ ಎ1 ಹೆದ್ದಾರಿಗೆ ಎಳೆದುಕೊಂಡು ಹೋಗುತ್ತದೆ. ಕಡಲೇ ಕಾಣುವುದಿಲ್ಲ! ನಾನು ಓಮಿಶ್, ಮಕಾರ್ಸ್ಕಾ, ಗ್ರಾದಾಟ್ಸ್ ಊರುಗಳನ್ನು ನಡುವೆ ಸೇರಿಸಿ ಮ್ಯಾಪ್ ಅನ್ನು ಡಿ8ಕ್ಕೆ ಕಟ್ಟಿಹಾಕಿದೆ. ಅದೇ ಹಳೆಯ ಆಡ್ರಿಯಾಟಿಕ್ ರಸ್ತೆ. ಎಡಕ್ಕೆ ಬಿಯೋಕೊವೊ ಪರ್ವತ ಗೋಡೆಯ ಹಾಗೆ ಎದ್ದಿರುತ್ತದೆ, ಬಲಕ್ಕೆ ನೀರು. ನೆರೆತ್ವಾ ನದಿ ಕಡಲು ಸೇರುವ ಬಯಲಿನಲ್ಲಿ ಕಿತ್ತಳೆ ತೋಟಗಳು, ರಸ್ತೆ ಬದಿಯಲ್ಲೇ ಹಣ್ಣಿನ ಅಂಗಡಿಗಳು. ಅಲ್ಲಿಂದ ಮುಂದೆ ಮಾತ್ರ ಹೊಸ ದಾರಿಯೇ ಒಳ್ಳೆಯದು. ಮೊದಲೆಲ್ಲ ನೆಯುಮ್ ಬಳಿ ಬೋಸ್ನಿಯಾದ ಸಣ್ಣ ಕರಾವಳಿ ದಾಟಲು ಎರಡು ಸಲ ಪಾಸ್‌ಪೋರ್ಟ್ ತೋರಿಸಬೇಕಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತಾಪತ್ರಯ ಇಲ್ಲ. ಸುಮಾರು 2.4 ಕಿ.ಮೀ. ಉದ್ದದ ಸೇತುವೆ. ದಾಟಿದ ಮೇಲೆ ಸ್ಟೋನ್ ಊರಿನ ಕೋಟೆಗೋಡೆ, ಉಪ್ಪಿನ ಗದ್ದೆ ನೋಡಿಕೊಂಡು ಹೋಗಬಹುದು.

ಎರಡನೆಯ ಜಾಗ ಮಾಂಟೆನೆಗ್ರೋದ ಕೋಟರ್ ಕೊಲ್ಲಿ. ಇಲ್ಲಿ ಮ್ಯಾಪ್ ಕಮೆನಾರಿಯಿಂದ ಲೆಪೆತಾನೆಗೆ ಫೆರ್ರಿ ತೋರಿಸುತ್ತದೆ. ಕೆಲವೇ ನಿಮಿಷದಲ್ಲಿ ಆಚೆ ದಡ. ಆದರೆ ಕೊಲ್ಲಿ ಸುತ್ತಿಯೇ ಹೋಗಿ. ರಿಸಾನ್, ಪೆರಾಸ್ಟ್ ದಾಟಿ ಕೋಟರ್ ಸೇರುವ ಆ ರಸ್ತೆಗಾಗಿಯೇ ನಾನು ಇಡೀ ಪ್ರವಾಸ ಹಾಕಿಕೊಂಡಿದ್ದು ಅಂದರೂ ತಪ್ಪಿಲ್ಲ. ನೀರಿನ ಅಂಚಿಗೆ ಕಲ್ಲಿನ ಮನೆಗಳು, ಮೇಲೆ ಬೋಳು ಬೆಟ್ಟ, ನಡುವೆ ಒಂದು ದ್ವೀಪದಲ್ಲಿ ಪುಟ್ಟ ಚರ್ಚ್. ರಸ್ತೆ ಕಿರಿದು, ಬೇಸಿಗೆಯಲ್ಲಿ ಬಸ್ಸುಗಳು ಜಾಸ್ತಿ. ಬೆಳಗ್ಗೆ ಬೇಗ ಹೊರಡಬೇಕು. ಒಂದು ಮಧ್ಯಾಹ್ನ ಬಿಡುವಿಟ್ಟುಕೊಂಡು ಕೋಟರ್‌ನಿಂದ ನ್ಯೆಗುಶಿಗೆ ಹತ್ತುವ ಹಳೆಯ ಘಾಟ್ ರಸ್ತೆಗೂ ಹೋದೆವು. ಪ್ರತಿ ತಿರುವಿನಲ್ಲೂ ಕೊಲ್ಲಿ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಮೂರನೆಯದು ಅಲ್ಬೇನಿಯಾದ ಲೊಗಾರಾ ಘಾಟ್. 2024ರಲ್ಲಿ ಅಲ್ಲಿ ಸುಮಾರು 6 ಕಿ.ಮೀ. ಸುರಂಗ ತೆರೆಯಿತು, ಮ್ಯಾಪ್ ಅದರೊಳಗೇ ಕಳಿಸುತ್ತದೆ. ಹಳೆಯ ರಸ್ತೆ ಪೈನ್ ಕಾಡಿನ ನಡುವೆ ಸಾವಿರ ಮೀಟರ್ ದಾಟಿ ಹತ್ತುತ್ತದೆ. ತುದಿಯಿಂದ ಅಯೋನಿಯನ್ ಕಡಲು ಕಾಲ ಕೆಳಗೇ ಕಾಣುತ್ತದೆ. ಆಮೇಲೆ ಧರ್ಮಿ, ಹಿಮಾರಾ, ಬೋರ್ಷ್ ಅಂತ ಬೀಚು ಬೀಚಿಗೂ ನಿಲ್ಲುತ್ತಾ ಸರಾಂದಾ. ಪಕ್ಕದ ಬುತ್ರಿಂತ್‌ನ ಪ್ರಾಚೀನ ನಗರಕ್ಕೆ ಅರ್ಧ ದಿನ ಇಡಿ.

ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧದಷ್ಟು ಸೇರಿಸಿ ಲೆಕ್ಕ ಹಾಕಿದೆ. ನಿಲ್ಲಿಸಲು ಆಗದಿದ್ದರೆ ಇಂಥ ರಸ್ತೆಗೆ ಯಾಕೆ ಹೋಗಬೇಕು, ಅಲ್ವಾ? ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ನೀರು ಇನ್ನೂ ಬೆಚ್ಚಗಿರುತ್ತದೆ, ಜುಲೈ-ಆಗಸ್ಟ್‌ನ ನೂಕುನುಗ್ಗಲು ಇಳಿದಿರುತ್ತದೆ. ಚಳಿಗಾಲದಲ್ಲಿ ಬೂರಾ ಅನ್ನುವ ಬಿರುಗಾಳಿ ಬೀಸಿ ರಸ್ತೆಗಳನ್ನೇ ಮುಚ್ಚಿಸುವುದುಂಟು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಪಾಲಕ್ ಅಥವಾ ಚೀಸ್ ತುಂಬಿದ ಬುರೆಕ್ ಅನ್ನುವ ಪಫ್‌ನಂಥ ತಿಂಡಿ ಬೇಕರಿಗಳಲ್ಲಿ ಸಿಗುತ್ತದೆ. ಕ್ರೊಯೇಷಿಯಾದಲ್ಲಿ ಸೊಪ್ಪು, ಆಲೂಗಡ್ಡೆ ಬೇಯಿಸಿದ ಬ್ಲಿತ್ವಾ ಕೇಳಿ. ಮೀನು, ಮಾಂಸ ಬೇಡ ಅಂತ ಮಾತ್ರ ಬಿಡಿಸಿ ಹೇಳಿ.

ವಾಪಸ್ ಬಂದಿದ್ದು ಜಿರೊಕಾಸ್ಟರ್, ತಿರಾನಾ, ಪೊದ್ಗೊರಿತ್ಸಾ, ಟ್ರೆಬಿನ್ಯೆ, ಮೊಸ್ತಾರ್ ದಾರಿಯಲ್ಲಿ. ಅಲ್ಬೇನಿಯಾದಲ್ಲಿ ಲೆಕ್, ಬೋಸ್ನಿಯಾದಲ್ಲಿ ಮಾರ್ಕ್, ಮಾಂಟೆನೆಗ್ರೋದಲ್ಲಿ ಯೂರೋ. ಕೊನೆಯ ಗಡಿ ಷೆಂಗೆನ್‌ಗೆ ಮರಳುವ ಗಡಿ. ಅಲ್ಲಿ ಸಾಲು ಎಷ್ಟುದ್ದ ಇರುತ್ತದೋ ಹೇಳಲಾಗದು. ಅದಕ್ಕೇ ವಿಮಾನದ ಹಿಂದಿನ ದಿನ ಮಧ್ಯಾಹ್ನದೊಳಗೆ ಸ್ಪ್ಲಿಟ್ ಸೇರುವ ಹಾಗೆ ಹೋಟೆಲ್ ಬುಕ್ ಮಾಡಿದ್ದೆ.