ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಂದು ತೂಕದ ಕಾಟಾ

"ನಡಕೊಂತ ಹೋದ್ರ ಅದು ಓಟ ಹೆಂಗಾಗ್ತದ್ರೀ?" ಅಂತ ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ಕೇಳಿದವರು ಒಬ್ಬಿಬ್ಬರಲ್ಲ. ಹಾಗೆ ನಡುನಡುವೆ ನಡೆಯುತ್ತಲೇ ಕಳೆದ ಡಿಸೆಂಬರಿನಲ್ಲಿ ನನ್ನ ಹಾಫ್ ಮ್ಯಾರಥಾನ್ (21.1 ಕಿ.ಮೀ. ರೇಸ್) ಸುಮಾರು 2 ತಾಸು 35 ನಿಮಿಷಕ್ಕೆ ಮುಗಿಯಿತು. ಮೀನಖಂಡ ಹಿಡಿಯಲಿಲ್ಲ, ಕಡೆಯ 3 ಕಿ.ಮೀ. ಎಲ್ಲಕ್ಕಿಂತ ಚುರುಕಾಗಿ ಬಂತು. ಅದೇ ದಿನ ಶುರುವಿನಲ್ಲಿ ಮುಂದೆ ಹಾರಿದವರಲ್ಲಿ ಹಲವರು 16ನೇ ಕಿ.ಮೀ. ಹೊತ್ತಿಗೆ ಕುಂಟುತ್ತಿದ್ದರು.

ವಿಧಾನ ಇಷ್ಟೇ: ಮೊದಲ ನಿಮಿಷದಿಂದಲೇ 4 ನಿಮಿಷ ಓಟ, 1 ನಿಮಿಷ ಬಿರುಸಿನ ನಡಿಗೆ. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು. ತಾಲೀಮಿನಲ್ಲಿ ಕಿಲೋಮೀಟರಿಗೆ 8 ನಿಮಿಷದ ಆಸುಪಾಸು. ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಬರದಿದ್ದರೆ ಜೋರಾಯಿತು. ವಾರಕ್ಕೊಂದು ಉದ್ದ ಓಟ 6ರಿಂದ ಶುರುವಾಗಿ 18 ಕಿ.ಮೀ.ವರೆಗೆ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಪಾಲು ಕಡಿತ. ಹದಿನಾಲ್ಕು ವಾರ ಹಿಡಿಯಿತು.

ನಿಜವಾಗಿ ಕಣ್ಣು ತೆರೆಸಿದ್ದು ಕಾಟಾ. ಓಟಕ್ಕೆ ಮೊದಲು ಬಟ್ಟೆಯಿಲ್ಲದೆ ತೂಕ, ಆಮೇಲೆ ಬೆವರು ಒರೆಸಿ ಮತ್ತೆ ತೂಕ. ಏಪ್ರಿಲ್‌ನಲ್ಲಿ ಒಂದು ತಾಸಿಗೆ 62.4 ಕೆ.ಜಿ. ಇದ್ದದ್ದು 61.2ಕ್ಕೆ ಬಂತು, ನಡುವೆ ಕುಡಿದದ್ದು 400 ಮಿ.ಲೀ. ಅಂದರೆ ತಾಸಿಗೆ 1.6 ಲೀಟರ್ ಬೆವರು. ಡಿಸೆಂಬರ್ ಬೆಳಗಿನಲ್ಲಿ ಇದು 0.8. ದೇಹದ ತೂಕದಲ್ಲಿ ನೂರಕ್ಕೆ 2ಕ್ಕಿಂತ ಹೆಚ್ಚು ಇಳಿಯಬಾರದು ಅನ್ನುವುದು ನನ್ನ ಗೆರೆ, ಅಂದರೆ ಸುಮಾರು 1.25 ಕೆ.ಜಿ. ತಾಸಿಗೆ 600 ಮಿ.ಲೀ. ಕುಡಿದರೂ ಬೇಸಿಗೆಯಲ್ಲಿ ಎರಡೂವರೆ ತಾಸು ಓಡಿದರೆ ಎರಡೂವರೆ ಕೆ.ಜಿ. ಇಳಿಯುತ್ತದೆ. ಹಾಗಾಗಿ ನಮ್ಮ ಬಿಸಿಲಿನಲ್ಲಿ ಉದ್ದ ಓಟಕ್ಕೆ 75 ನಿಮಿಷವೇ ಕಡೆ. ಬೆಳಗ್ಗೆ 5ಕ್ಕೆ ಹೊರಟು 6:15ಕ್ಕೆ ಮನೆ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ವಾರ ಅರ್ಧ ತಾಸು ಸಾಕು. ತೂಕ ಇಳಿಯುವ ಬದಲು ಏರಿದರೆ ಅದೂ ತಪ್ಪು: ಉಪ್ಪಿಲ್ಲದ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಬರುತ್ತದೆ.

ಓಡುವಾಗ ಏನು ಕುಡಿಯಬೇಕು, ಏನು ತಿನ್ನಬೇಕು ಅನ್ನುವುದರಲ್ಲೇ ಹೆಚ್ಚು ದುಡ್ಡು ಹೋದದ್ದು, ಹೆಚ್ಚು ಕೆಡುಕು ಆದದ್ದು. ಒಂದಕ್ಕೆ ನೂರು ರೂಪಾಯಿ ಮೇಲಿನ ಜೆಲ್ (ಓಡುವಾಗ ಶಕ್ತಿಗೆ ನುಂಗುವ ಸಿಹಿ ಪಾಕ) ಎಂಟು ಹತ್ತು ತಿಂದು ನೋಡಿದೆ, ನೀರಿಲ್ಲದೆ ನುಂಗಿದರೆ ಹೊಟ್ಟೆ ಕುಲುಕುತ್ತದೆ. ಆಮೇಲೆ ಓಆರ್‌ಎಸ್. ಒಂದು ಲೀಟರಿಗೆ ಅಳತೆ ಮಾಡಿದ ಸುಮಾರು 21 ಗ್ರಾಂ ಪುಡಿಯ ಪ್ಯಾಕೆಟ್ಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿದೆ. ಸಾಂದ್ರತೆ ಎರಡರಷ್ಟಾಗಿ, ನೀರು ರಕ್ತಕ್ಕೆ ಹೋಗುವ ಬದಲು ಕರುಳಿಗೆ ಎಳೆದುಕೊಂಡಿತು, 9ನೇ ಕಿ.ಮೀ.ನಲ್ಲಿ ಶೌಚ ಹುಡುಕಬೇಕಾಯಿತು. ಈಗ ಸಣ್ಣ ಕಾಟಾದಲ್ಲಿ ಹತ್ತೂವರೆ ಗ್ರಾಂ ತೂಗಿ ಅರ್ಧ ಲೀಟರಿಗೆ ಹಾಕುತ್ತೇನೆ, ಪ್ರತಿ ನಡಿಗೆಯಲ್ಲಿ ಎರಡು ಗುಟುಕು. ಬೆಲ್ಲ, ನಿಂಬೆ, ಉಪ್ಪಿನ ಮಿಶ್ರಣವೂ ನಡೆಯುತ್ತದೆ, ಆದರೆ ಬಿಸಿಯಲ್ಲಿ ಬಹಳ ಹೊತ್ತು ಇಟ್ಟರೆ ಹುಳಿಯುತ್ತದೆ. ಕಡೆಯ 5 ಕಿ.ಮೀ.ಗೆ ಬಾಟಲಿಯಲ್ಲಿ ಏನು ಬದಲಿಸುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಶೂ ಬಗ್ಗೆ: 1,200 ರೂಪಾಯಿಯದು 250 ಕಿ.ಮೀ.ಗೆ ಅಡಿ ಕುಸಿದು ಮೊಣಕಾಲಿನ ಕೆಳಗಿನ ಎಲುಬು ನೋಯಲು ಹತ್ತಿತು. 4,500ರದ್ದು 600 ದಾಟಿದೆ. ಒಂದು ನಂಬರ್ ದೊಡ್ಡದೇ ಕೊಳ್ಳಿ, ಉದ್ದ ಓಟದಲ್ಲಿ ಪಾದ ಊದುತ್ತದೆ, ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಶಹಾಬಾದ್ ಕಲ್ಲಿನ ಹಾಸು ಒದ್ದೆಯಿದ್ದಾಗ ಬೇಡವೇ ಬೇಡ. ಮಳೆಗಾಲದಲ್ಲಿ ಎರೆಮಣ್ಣಿನ ಬದು ಕೂಡ ಬೇಡ, ಹತ್ತು ಹೆಜ್ಜೆಗೆ ಶೂ ಒಂದೊಂದು ಅರ್ಧ ಕಿಲೋ ಭಾರ ಆಗುತ್ತದೆ.

ಸ್ಪ್ರಿಂಟ್ ಟ್ರಯಥ್ಲಾನ್ ಕನಸಿರುವವರಿಗೆ (750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ) ಒಂದು ಪ್ರಯೋಗದ ಫಲ: ಸೇಡಂ ರಸ್ತೆಯಲ್ಲಿ 20 ಕಿ.ಮೀ. ಸೈಕಲ್ ಹೊಡೆದು ಇಳಿದ ತಕ್ಷಣ 10 ನಿಮಿಷ ಓಡಿ, ಹದಿನೈದು ದಿನಕ್ಕೊಮ್ಮೆ. ಮೊದಲ ಕಿಲೋಮೀಟರಿನಲ್ಲಿ ತೊಡೆ ಮರದ ಕೊರಡಿನಂತಿರುತ್ತದೆ. ಹೆಜ್ಜೆ ಚಿಕ್ಕದು ಮಾಡಿದರೆ ಬೇಗ ಸಡಿಲವಾಗುತ್ತದೆ. ಸೈಕಲ್ಲಿನ ಕಡೆಯ ಎರಡು ಕಿ.ಮೀ. ಹಗುರ ಗೇರಿನಲ್ಲಿ ತುಳಿದರೆ ಇನ್ನೂ ಚಲೋ.

ರೇಸಿನ ಹಿಂದಿನ ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನಬೇಡಿ, ನಾರು ಜಾಸ್ತಿ. ಅನ್ನ, ತೆಳ್ಳನೆ ತೊಗರಿಬೇಳೆ ಸಾರು ಸಾಕು. ಬೆಳಗ್ಗೆ ಎರಡೂವರೆ ತಾಸು ಮೊದಲು ಅವಲಕ್ಕಿ, ಬಾಳೆಹಣ್ಣು.